ಬಾಯ್ಲರ್ ಪಕ್ಕದ ಗೆಡ್ಡೆಗಳು

ಜನವರಿಯ ಒಂದು ಭಾನುವಾರ ಬೆಳಿಗ್ಗೆ ಒಗ್ಗರಣೆಗೆ ಮಂಡಕ್ಕಿ ನೆನೆಸಿ ಹಿಂಡುತ್ತಿದ್ದೆ, ಮಗಳ ವಿಡಿಯೊ ಕಾಲ್ ಬಂತು. ಅವಳಿರುವ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಆಗ ಶನಿವಾರ ರಾತ್ರಿ, ಹೊರಗೆ ಮೈನಸ್ 22 ಡಿಗ್ರಿ. "ಅಮ್ಮಾ, ನೋಡಿಲ್ಲಿ ಗೆಡ್ಡೆಗಳ ಅವತಾರ" ಅಂತ ರಟ್ಟಿನ ಡಬ್ಬಿಯೊಳಗೆ ಫೋನ್ ಇಳಿಸಿದಳು. ಕೆಸುವಿನ ಗೆಡ್ಡೆಯಿಂದ ಗೇಣುದ್ದದ ಬಿಳಿಚಿದ ಮೊಳಕೆ ಎದ್ದು, ಬೆಳಕು ಹುಡುಕುತ್ತ ಡಬ್ಬಿಯ ಬಾಯಿಯತ್ತ ಬಾಗಿತ್ತು. ಡೇರೆ ಹೂವಿನ (ಡೇಲಿಯಾ) ಗೆಡ್ಡೆಗಳಂತೂ ಒಣಶುಂಠಿ ಹಾಗೆ ಸುರುಟಿದ್ದವು. ಒಂದನ್ನು ಮುರಿದಳು, ಒಳಗೆ ಬರೀ ಬೆಂಡು.

ತಪ್ಪು ನನ್ನದೇ. ಅಕ್ಟೋಬರಿನಲ್ಲಿ ಮೊದಲ ಸಲ ಇಬ್ಬನಿ ಹೆಪ್ಪುಗಟ್ಟಿದ ರಾತ್ರಿ ಅವಳ ಡೇರೆ ಎಲೆಗಳೆಲ್ಲ ಬೇಯಿಸಿದ ಸೊಪ್ಪಿನಂತೆ ಕಪ್ಪಾಗಿದ್ದವು. ಎಲೆಯೊಳಗಿನ ನೀರೇ ಮಂಜುಗಡ್ಡೆಯಾಗಿ ಜೀವಕೋಶ ಒಡೆಯುತ್ತದಂತೆ. ಮಣ್ಣು ಹೆಪ್ಪುಗಟ್ಟಿದರೆ ಗೆಡ್ಡೆಗೂ ಅದೇ ಗತಿ. ಕಿತ್ತು ಎರಡು ದಿನ ಆರಿಸಿ, ಎಲ್ಲಿಡಲಿ ಅಂತ ಕೇಳಿದಳು. "ಚಳಿಗೆ ತಾನೇ ಸಾಯೋದು? ಬೆಚ್ಚಗಿರೋ ಕಡೆ ಇಡು" ಅಂದುಬಿಟ್ಟೆ. ಡಿಸೆಂಬರಿನ 15 ಡಿಗ್ರಿಗೇ ಸ್ವೆಟರ್ ಹಾಕೋ ದಾವಣಗೆರೆಯವಳು ಇನ್ನೇನು ಹೇಳಿಯೇನು! ನೆಲಮಾಳಿಗೆಯಲ್ಲಿ ಮನೆ ಕಾಯಿಸುವ ಬಾಯ್ಲರ್ ಪಕ್ಕವೇ ಇಟ್ಟಿದ್ದಳು. ಗೆಡ್ಡೆಗಳು ಬೇಸಿಗೆ ಬಂತು ಅಂದುಕೊಂಡವು.

ಫೋನ್ ಇಟ್ಟಮೇಲೆ ನಮ್ಮವ್ವ ನೆನಪಾದಳು. ಅವಳ ತವರು ಸಾಗರದ ಕಡೆ. ಅಲ್ಲಿಂದ ತಂದ ಡೇರೆಯ ಕಾಂಡ ಒಣಗಿದಮೇಲೆ ಅಗೆದು, ಗೆಡ್ಡೆಗೆ ಬೂದಿ ಹೊರಳಿಸಿ, ಒಡಕು ಮಡಕೆಯ ಮರಳಲ್ಲಿ ಹುದುಗಿಸಿ, ಕುಡಿಯುವ ನೀರಿನ ಹರವಿ ಪಕ್ಕ ಇಡುತ್ತಿದ್ದಳು. ಮನೆಯಲ್ಲಿ ಅದಕ್ಕಿಂತ ತಂಪಾದ ಮೂಲೆ ಇರಲಿಲ್ಲ. ಇಲ್ಲಿ ಗೆಡ್ಡೆಯ ಶತ್ರು ಏಪ್ರಿಲ್ ಬಿಸಿಲು. ಮರಳು, ಬೂದಿ ಎಲ್ಲ ನೆನಪಿಟ್ಟುಕೊಂಡ ನಾನು ಆ ಹರವಿಯನ್ನೇ ಮರೆತಿದ್ದೆ.

ಮರುದಿನ ನಾನೇ ಫೋನ್ ಮಾಡಿದೆ. ಮೊಳೆತ ಕೆಸುವನ್ನು ಕುಂಡಕ್ಕೆ ಹಾಕಿ ಕಿಟಕಿ ಹತ್ತಿರ ಇಟ್ಟಳು, ಅದಕ್ಕೆ ಡೇರೆಯಷ್ಟು ತಂಪು ಆಗಿಬರುವುದಿಲ್ಲ. ಉಳಿದ ಡೇರೆಯನ್ನು ಕೈಗೆ ಹತ್ತಿಯೂ ಹತ್ತದಷ್ಟು ಪಸೆಯ ಮರದ ಹೊಟ್ಟಿನಲ್ಲಿ ಹೂತು, ಬಾಯ್ಲರಿನಿಂದ ದೂರದ, 7 ಡಿಗ್ರಿಯ ಮೂಲೆಗೆ ಸಾಗಿಸಿದಳು. ಪ್ಲಾಸ್ಟಿಕ್ ಕವರಲ್ಲಿ ಕಟ್ಟಿಡಬೇಡ, ಬೆವೆತು ಕೊಳೀತದೆ ಅಂತ ಹೇಳಿದೆ. ಇದಾದರೂ ನೆನಪಿತ್ತು.

ಐದರಲ್ಲಿ ಎರಡು ಡೇರೆ ಬದುಕಿದವು. ಆಗಸ್ಟಿನಲ್ಲಿ ಕೆಸುವಿನ ಎಲೆಯ ಪತ್ರೊಡೆ ಫೋಟೊ ಕಳಿಸಿದಳು, ಹುಣಸೆಹಣ್ಣು ಸಾಲದೆ ಗಂಟಲು ಕೆರೆಯಿತಂತೆ. ಈ ಅಕ್ಟೋಬರಿನಲ್ಲಿ ಅವಳು ನನ್ನನ್ನೇನೂ ಕೇಳಲಿಲ್ಲ. ನೆಲಮಾಳಿಗೆಯ ಗೋಡೆಗೊಂದು ಥರ್ಮಾಮೀಟರ್ ತೂಗುಹಾಕಿದ್ದಾಳೆ.