ಹಾಡು ಮುಗಿಯುವ ಹೊತ್ತಿಗೆ ದನಿ ಏಕೆ ಒಡೆಯುತ್ತದೆ?

ಹಳೆಯ ಎಲ್‌ಪಿಗಳನ್ನು ಮತ್ತೆ ಕೇಳತೊಡಗಿದ ಗೆಳೆಯರು ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆ ಒಂದೇ: ರೆಕಾರ್ಡನ್ನು ತೊಳೆದಿದ್ದೇನೆ, ಸೂಜಿಯೂ ಹೊಸದು, ಆದರೂ ಒಂದು ಬದಿ ಮುಗಿಯುವ ಹೊತ್ತಿಗೆ ದನಿ ಒಡೆಯುವುದೇಕೆ? ಹೆಚ್ಚಿನ ಸಂದರ್ಭಗಳಲ್ಲಿ ತಪ್ಪಿರುವುದು ಸೂಜಿಯನ್ನು ಹೊತ್ತ ಪುಟ್ಟ ಭಾಗವಾದ ಕಾರ್ಟ್ರಿಜ್ಜನ್ನು ಕೂರಿಸಿದ ರೀತಿಯಲ್ಲಿ ಎಂಬುದೇ ನನ್ನ ಉತ್ತರ.

ಎಲ್‌ಪಿ ಮೊದಲಿನಿಂದ ಕೊನೆಯವರೆಗೂ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆಯಾದರೂ ಸೂಜಿಯ ಕೆಳಗೆ ಹಾದುಹೋಗುವ ಗ್ರೂವಿನ (ದನಿ ಕೊರೆದಿರುವ ಸುರುಳಿ ಗೀರಿನ) ಉದ್ದ ಒಂದೇ ಆಗಿರುವುದಿಲ್ಲ. ಹೊರ ಅಂಚಿನಲ್ಲಿ ಅದು ಸೆಕೆಂಡಿಗೆ ಸುಮಾರು 51 ಸೆಂ.ಮೀ. ಇದ್ದರೆ ಲೇಬಲ್ಲಿನ ಸಮೀಪ 21 ಸೆಂ.ಮೀ.ಗೆ ಇಳಿದಿರುತ್ತದೆ, ಅದೇ ಸ್ವರದ ಅಲೆಗಳು ಅಲ್ಲಿ ಅರ್ಧಕ್ಕಿಂತಲೂ ಕಡಿಮೆ ಜಾಗದಲ್ಲಿ ಒತ್ತೊತ್ತಾಗಿ ಕುಳಿತಿರುತ್ತವೆ. ನಮ್ಮ ಸಂಗೀತಕ್ಕೆ ಇದು ಇನ್ನೂ ಕಠಿಣವಾದ ಪರೀಕ್ಷೆ. ಭೀಮಸೇನ ಜೋಶಿಯವರ ಖಯಾಲ್ ವಿಲಂಬಿತದಲ್ಲಿ ಆರಂಭವಾಗಿ ದ್ರುತಕ್ಕೆ ಏರುವುದರಿಂದ, ನಾವು ಕಾದು ಕುಳಿತ ತಾನುಗಳು ಬರುವುದು ಆ ಇಕ್ಕಟ್ಟಿನ ಗ್ರೂವುಗಳಲ್ಲಿಯೇ.

ಮೂಲ ತಟ್ಟೆಯಲ್ಲಿ ಗ್ರೂವ್ ಕೊರೆಯುವ ಯಂತ್ರದ ತಲೆ ಅಂಚಿನಿಂದ ನಡುವಿನ ಕಡೆಗೆ ನೇರವಾಗಿ ಸಾಗುತ್ತದೆ. ಕಾರ್ಟ್ರಿಜ್ಜನ್ನು ಹೊತ್ತ ನಮ್ಮ ಪ್ಲೇಯರಿನ ತೋಳು, ಅಂದರೆ ಟೋನ್‌ಆರ್ಮ್, ಕೀಲಿನ ಮೇಲೆ ಕಮಾನಾಗಿ ಬಾಗಿ ಸಾಗುತ್ತದೆ. ಆದ್ದರಿಂದ ಸೂಜಿ ಗ್ರೂವಿಗೆ ಸರಿಯಾದ ನೇರದಲ್ಲಿ ನಿಲ್ಲುವುದು ಹೆಚ್ಚೆಂದರೆ ಎರಡೇ ಕಡೆ. 1938ರಲ್ಲಿ ಸ್ವೀಡನ್ನಿನ ಎರಿಕ್ ಲೋಫ್‌ಗ್ರೆನ್ ಮಾಡಿದ ಲೆಕ್ಕವನ್ನು ಇಂದಿನ 12 ಇಂಚಿನ ಎಲ್‌ಪಿಗೆ ಹೊಂದಿಸಿದರೆ, ಆ ಎರಡು ಜಾಗಗಳು ನಡುವಿನ ಕಡ್ಡಿಯಿಂದ 66 ಮತ್ತು 120.9 ಮಿ.ಮೀ. ದೂರದಲ್ಲಿ ಬರುತ್ತವೆ. ಪ್ರೊಟ್ರ್ಯಾಕ್ಟರ್ ಎಂಬ ಕಾಗದದ ಅಳತೆಪಟ್ಟಿಯಲ್ಲಿ ಗುರುತಿಸಿರುವುದು ಈ ಎರಡು ಚುಕ್ಕೆಗಳನ್ನೇ. ಟೋನ್‌ಆರ್ಮಿನ ತುದಿಯಲ್ಲಿ ಕಾರ್ಟ್ರಿಜ್ಜನ್ನು ಹಿಡಿದಿರುವ ಹೆಡ್‌ಶೆಲ್ಲಿನ ಎರಡು ಸ್ಕ್ರೂಗಳನ್ನು ಕಾರ್ಟ್ರಿಜ್ ಅಲುಗಾಡುವಷ್ಟು ಮಾತ್ರ ಸಡಿಲಿಸಿ, ಸೂಜಿಯನ್ನು ಒಂದೊಂದೇ ಚುಕ್ಕೆಯ ಮೇಲಿಟ್ಟು, ಎರಡೂ ಕಡೆ ಪಟ್ಟಿಯ ಗೆರೆಗಳಿಗೆ ಸಮಾನಾಂತರವಾಗುವವರೆಗೆ ಹಿಂದೆ ಮುಂದೆ ಸರಿಸಬೇಕು. ನೋಡಬೇಕಾದದ್ದು ಕಾರ್ಟ್ರಿಜ್ಜಿನ ಪ್ಲಾಸ್ಟಿಕ್ ಮೈಯನ್ನಲ್ಲ, ಸೂಜಿಯನ್ನು ಹೊತ್ತ ಕೂದಲೆಳೆಯಂಥ ಕ್ಯಾಂಟಿಲಿವರನ್ನು. ಏಕೆಂದರೆ ಅದು ಮೈಗೆ ತುಸು ಓರೆಯಾಗಿ ಕೂತಿರುವುದುಂಟು. ನನ್ನ ಮೊದಲ ಪ್ಲೇಯರನ್ನು ಜೋಡಿಸಿಕೊಟ್ಟ ಅಂಗಡಿಯವರು ಕಾರ್ಟ್ರಿಜ್ಜನ್ನು ತೀರಾ ಹಿಂದಕ್ಕೆ ಒತ್ತಿ ಬಿಗಿದಿದ್ದರು. ಮೊದಲ ಹಾಡುಗಳು ಚೆನ್ನಾಗಿಯೇ ಕೇಳುತ್ತಿದ್ದುದರಿಂದ ಎಷ್ಟೋ ತಿಂಗಳು ನಾನು ರೆಕಾರ್ಡುಗಳನ್ನೇ ದೂರುತ್ತಿದ್ದೆ. ಮುಂದಕ್ಕೆ ನಾಲ್ಕು ಮಿ.ಮೀ. ಸರಿಸಿದ ದಿನ ಆ ಕರ್ಕಶತೆ ಹೋಯಿತು.

ಇನ್ನು ಸೂಜಿಯ ಭಾರ, ಅಂದರೆ ಸೂಜಿ ಗ್ರೂವಿನ ಮೇಲೆ ಹೇರುವ ಒತ್ತಡ. ಕಡಿಮೆ ಭಾರವಿಟ್ಟರೆ ರೆಕಾರ್ಡು ಕಡಿಮೆ ಸವೆಯುತ್ತದೆ ಎಂಬ ನಂಬಿಕೆ ಬಲವಾಗಿದೆ. ಅದನ್ನು ನಾನು ಒಪ್ಪುವುದಿಲ್ಲ. ಭಾರ ಸಾಲದಿದ್ದರೆ ಜೋರಾದ ಸ್ವರ ಬಂದಾಗ ಸೂಜಿಯ ವಜ್ರವು ಗ್ರೂವಿನ ಗೋಡೆಯನ್ನು ಬಿಟ್ಟು ಹಾರಿ ಮತ್ತೆ ಬಂದು ಬಡಿಯುತ್ತದೆ, ಆ ಪೆಟ್ಟಿನ ಗುರುತು ಶಾಶ್ವತ. ಆರ್ಟೊಫಾನ್ 2ಎಂ ರೆಡ್ ಕಾರ್ಟ್ರಿಜ್ಜಿಗೆ ತಯಾರಕರು 1.8 ಗ್ರಾಂ ಎಂದೂ ಡೆನಾನ್ ಡಿಎಲ್-103ಕ್ಕೆ 2.5 ಗ್ರಾಂ ಎಂದೂ ಹೇಳಿದ್ದಾರೆ. ಆ ಅಂಕಿಯನ್ನೇ ಪಾಲಿಸಿ. ಟೋನ್‌ಆರ್ಮನ್ನು ಹೊರಕ್ಕೆ ಎಳೆಯುವ ಆಂಟಿಸ್ಕೇಟಿಂಗ್ ಎಂಬ ಹೊಂದಾಣಿಕೆಯನ್ನು ಸೊನ್ನೆಗಿಟ್ಟು, ಟೋನ್‌ಆರ್ಮ್ ಗಾಳಿಯಲ್ಲಿ ತೇಲುವಂತೆ ಹಿಂದಿನ ತೂಕವನ್ನು ತಿರುಗಿಸಿ, ಅಲ್ಲಿಂದ ಭಾರವನ್ನು ಲೆಕ್ಕ ಹಾಕಬೇಕು. ತೂಕದ ಮೇಲಿನ ಅಂಕಿಗಿಂತ ಪುಟ್ಟ ಡಿಜಿಟಲ್ ತಕ್ಕಡಿಯನ್ನೇ ನಾನು ಹೆಚ್ಚು ನಂಬುತ್ತೇನೆ.

ಬಾಗಿದ ತಲೆಯ ಟೋನ್‌ಆರ್ಮನ್ನು ಘರ್ಷಣೆಯು ಸದಾ ನಡುವಿನ ಕಡೆಗೆ ಎಳೆಯುತ್ತಿರುತ್ತದೆ; ಅದನ್ನು ತಡೆಯುವುದು ಆಂಟಿಸ್ಕೇಟಿಂಗಿನ ಕೆಲಸ. ಭಾರದಷ್ಟೇ ಅಂಕಿಯಿಂದ ಆರಂಭಿಸಿ, ಬಲಗಡೆಯ ಸ್ಪೀಕರಿನಲ್ಲಿ ದನಿ ಮೊದಲು ಒಡೆದರೆ ತುಸು ಹೆಚ್ಚಿಸಿ, ಎಡಗಡೆ ಒಡೆದರೆ ತುಸು ಇಳಿಸಿ. ಟೋನ್‌ಆರ್ಮಿನ ಎತ್ತರದ ಬಗ್ಗೆ ಹೆಚ್ಚು ಹೇಳುವುದಿಲ್ಲ: ಸೂಜಿ ರೆಕಾರ್ಡಿನ ಮೇಲಿರುವಾಗ ಅದು ರೆಕಾರ್ಡಿಗೆ ಸಮಾನಾಂತರವಾಗಿದ್ದರೆ ಸಾಕು.

ಇಷ್ಟೆಲ್ಲ ಮಾಡಿಯೂ ದನಿ ಒಡೆದರೆ ಎರಡು ಕಾರಣಗಳಿರಬಹುದು. ಗೋಲ ತುದಿಯ ಸೂಜಿಗೆ ಒಳಗಿನ ಗ್ರೂವಿನ ಸಣ್ಣ ಅಲೆಗಳೊಳಗೆ ಇಳಿಯಲು ಆಗುವುದಿಲ್ಲ. ಅಂಡಾಕಾರದ ತುದಿ ಅದಕ್ಕಿಂತ ಮೇಲು. ಇಲ್ಲವೇ ಐದಾರು ಗ್ರಾಂ ಭಾರ ಹೇರುತ್ತಿದ್ದ ಹಳೆಯ ಸೆರಾಮಿಕ್ ಕಾರ್ಟ್ರಿಜ್ಜು ಆ ಗೋಡೆಗಳನ್ನು ಎಂದೋ ಉಜ್ಜಿಹಾಕಿರಬಹುದು. ಹೆಚ್ಚು ಕೇಳಿರದ ಇನ್ನೊಂದು ರೆಕಾರ್ಡಿನ ಕೊನೆಯ ಹಾಡನ್ನು ಹಾಕಿ ನೋಡಿ. ಅದು ಶುದ್ಧವಾಗಿ ಕೇಳಿಸಿದರೆ ಸ್ಕ್ರೂಗಳನ್ನು ಮತ್ತೆ ಮುಟ್ಟಬೇಡಿ.