ಬೇಡವಾಗಿದ್ದ ಕಾರಿನ ಬೆಲೆ

ಹಳೆಯ ಅಮೆರಿಕನ್ ಮಸಲ್ ಕಾರುಗಳ, ಅಂದರೆ ದೊಡ್ಡ ಎಂಜಿನ್ನಿನ ವೇಗದ ಕಾರುಗಳ, ಹರಾಜು ನೋಡುತ್ತಾ ಕುಳಿತರೆ ನನಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. 2014ರಲ್ಲಿ ಸಿಯಾಟಲ್‌ನಲ್ಲಿ 1971ರ ಪ್ಲಿಮತ್ ಹೆಮಿ ಕುಡಾ ಕನ್ವರ್ಟಿಬಲ್ (ಚಾವಣಿ ಮಡಚಬಹುದಾದ ಕಾರು) ಒಂದು 35 ಲಕ್ಷ ಡಾಲರ್‌ಗೆ ಹೋಯಿತು. ತಮಾಷೆಯೆಂದರೆ, ಹೊಸದಾಗಿದ್ದಾಗ ಇದನ್ನು ಕೇಳುವವರೇ ಇರಲಿಲ್ಲ. ಹೆಮಿ ಎಂಬ ಅದರ ಬಲಶಾಲಿ ಎಂಜಿನ್ ದುಬಾರಿ, ಮೇಲೆ ವಿಮೆಯ ಬರೆ ಬೇರೆ. ತಯಾರಾದದ್ದೇ ಹತ್ತು ಹನ್ನೆರಡು. ಅದಕ್ಕೇ ಹರಾಜಿನಲ್ಲಿ ಆ ಬೆಲೆ!

ಕೊಳ್ಳುವವರು ಬಣ್ಣದ ಹೊಳಪಿಗೆ ಮರುಳಾಗುವುದಿಲ್ಲ. ಟಾರ್ಚ್ ಹಿಡಿದು ಬಾನೆಟ್ಟಿನೊಳಗೆ ಬಗ್ಗಿ, ಎಂಜಿನ್ ಬ್ಲಾಕಿನ ಮೇಲೆ ಒತ್ತಿದ ಸಂಖ್ಯೆ ಕಾರಿನ ಸಂಖ್ಯೆಗೆ ತಾಳೆಯಾಗುತ್ತದೆಯೇ ಎಂದು ನೋಡುತ್ತಾರೆ. ಮೂಲ ಎಂಜಿನ್ ಅಲ್ಲವೆಂದರೆ ಬೆಲೆ ಧೊಪ್ಪನೆ ಕುಸಿಯುತ್ತದೆ. ಓಡುವುದಕ್ಕೇನೂ ಅಡ್ಡಿಯಿಲ್ಲ, ಆದರೆ ಇಷ್ಟು ಕೊಟ್ಟವರು ಓಡಿಸುವುದುಂಟೇ? ನನಗಾದರೆ ಎಂಜಿನ್ ಬದಲಾದ ಅಗ್ಗದ್ದೇ ಸಾಕು, ಹತ್ತಿ ಹೊರಟುಬಿಡುತ್ತೇನೆ. ಪೆಟ್ರೋಲಿನ ಲೆಕ್ಕ ಆಮೇಲೆ.