ಫೋಟೋಶಾಪ್ ಇರುವಾಗ ಅಮಿಗಾಗೆ ಬೇರೊಂದು ಐಕಾನ್ ಎಡಿಟರ್ ಏಕೆ?

ಬಿಡುವಿನ ವೇಳೆಯಲ್ಲಿ ನಾನು ಕಮೊಡೋರ್ ಅಮಿಗಾ ಎಂಬ ಹಳೆಯ ಮನೆ ಕಂಪ್ಯೂಟರಿಗಾಗಿ ಒಂದು ಐಕಾನ್ ಎಡಿಟರ್ ಬರೆದಿದ್ದೇನೆ ಎಂದು ಹೇಳಿದ ಕೂಡಲೇ, ಎದುರಿಗಿರುವವರು ಸಾಫ್ಟ್‌ವೇರ್ ಕೆಲಸದವರಾಗಿರಲಿ, ಬ್ಯಾಂಕಿನವರಾಗಿರಲಿ, ಒಂದೇ ಪ್ರಶ್ನೆ ಹಾಕುತ್ತಾರೆ. ಐಕಾನ್ ಎಂದರೆ ಒಂದು ಪುಟ್ಟ ಚಿತ್ರ ತಾನೆ? ಅದನ್ನು ಫೋಟೋಶಾಪ್‌ನಲ್ಲಿ ಬರೆದು ಉಳಿಸಿಕೊಂಡರೆ ಮುಗಿಯಿತು, ಅದಕ್ಕೆಂದೇ ಪ್ರತ್ಯೇಕ ಪ್ರೋಗ್ರಾಮ್ ಯಾಕೆ ಬೇಕು? ಆ ಯಂತ್ರವನ್ನು ಈಗ ಯಾರು ಬಳಸುತ್ತಾರೆ ಎಂಬುದೂ ಕೆಲವೊಮ್ಮೆ ಇದರ ಬಾಲವಾಗಿ ಬರುತ್ತದೆ. ಅದಕ್ಕೆ ನನ್ನ ಉತ್ತರ ಚಿಕ್ಕದು: ನಾನು ಬಳಸುತ್ತೇನೆ, ನನ್ನಂಥ ಇನ್ನೂ ಕೆಲವರು ಬಳಸುತ್ತಾರೆ, ಅದರ ಆಪರೇಟಿಂಗ್ ಸಿಸ್ಟಂನ 3.2ನೇ ಆವೃತ್ತಿ 2021ರಲ್ಲಿ ಬಿಡುಗಡೆಯಾಗಿದೆ. ಮೊದಲ ಪ್ರಶ್ನೆಗೆ ಮಾತ್ರ ನಿಂತುಕೊಂಡು ಉತ್ತರಿಸಲು ಸಾಧ್ಯವಿಲ್ಲ, ಕುಳಿತೇ ಹೇಳಬೇಕು. ಅಮಿಗಾದಲ್ಲಿ ಐಕಾನ್ ಎಂಬುದು ಚಿತ್ರವಲ್ಲ. ಚಿತ್ರವೂ ಅದರೊಳಗೆ ಇರುತ್ತದೆ, ಅಷ್ಟೆ.

ಅಮಿಗಾ ಜನರ ಮುಂದೆ ಬಂದದ್ದು 1985ರ ಜುಲೈಯಲ್ಲಿ, ನ್ಯೂಯಾರ್ಕಿನ ಲಿಂಕನ್ ಸೆಂಟರಿನಲ್ಲಿ ನಡೆದ ಸಮಾರಂಭದಲ್ಲಿ. ಮನೆಗಳಿಗೆ, ಅದರಲ್ಲೂ ಬ್ರಿಟನ್ ಮತ್ತು ಜರ್ಮನಿಯ ಮನೆಗಳಿಗೆ, ಹೆಚ್ಚಾಗಿ ಹೊಕ್ಕದ್ದು 1987ರ ಅಮಿಗಾ 500. ಸುಮಾರು 7 ಮೆಗಾಹರ್ಟ್ಸ್ ವೇಗದ ಮೊಟೊರೊಲಾ 68000 ಪ್ರೊಸೆಸರ್, 512 ಕಿಲೋಬೈಟ್ ಮೆಮೊರಿ, 880 ಕಿಲೋಬೈಟ್ ಹಿಡಿಯುವ ಫ್ಲಾಪಿ, ಇಷ್ಟೇ ಅದರ ಆಸ್ತಿ. ಈ ಆಸ್ತಿಯ ಮೇಲೆ ಕಿಟಕಿ, ಮೆನು, ಮೌಸ್‌ಗಳುಳ್ಳ ವರ್ಕ್‌ಬೆಂಚ್ ಎಂಬ ಡೆಸ್ಕ್‌ಟಾಪ್ ಓಡುತ್ತಿತ್ತು. ಅದರ ನಿಯಮ ಸರಳ: ‘ಪತ್ರ’ ಎಂಬ ಫೈಲು ಡೆಸ್ಕ್‌ಟಾಪಿನಲ್ಲಿ ಕಾಣಿಸಬೇಕಾದರೆ ಅದರ ಪಕ್ಕದಲ್ಲಿ ‘ಪತ್ರ.ಇನ್ಫೊ’ ಎಂಬ ಇನ್ನೊಂದು ಫೈಲು ಇರಬೇಕು. ಆ ಜೊತೆಗಾರ ಇಲ್ಲದಿದ್ದರೆ 1.3ನೇ ಆವೃತ್ತಿಯವರೆಗಿನ ವರ್ಕ್‌ಬೆಂಚಿನ ಪಾಲಿಗೆ ಮೂಲ ಫೈಲೇ ಇಲ್ಲ. ಡಿಸ್ಕಿನಲ್ಲಿ ಜಾಗ ಹಿಡಿದು ಕುಳಿತಿದ್ದರೂ ಕಣ್ಣಿಗೆ ಬೀಳುವುದಿಲ್ಲ. ಎಲ್ಲ ಫೈಲುಗಳನ್ನೂ ತೋರಿಸುವ ಮೆನು ಬಂದದ್ದು 2.0ರಲ್ಲಿ.

ಈ ಇನ್ಫೊ ಫೈಲನ್ನು ಬೈಟ್ ಬೈಟಾಗಿ ಬಿಡಿಸಿ ನೋಡಿದಾಗಲೇ ನನಗೆ ಇದರ ಹುಚ್ಚು ಹಿಡಿದದ್ದು. ಮೊದಲ ಎರಡು ಬೈಟುಗಳಲ್ಲಿ 58128 ಎಂಬ ಗುರುತಿನ ಸಂಖ್ಯೆ (ಹೆಕ್ಸ್, ಅಂದರೆ ಹದಿನಾರರ ಲೆಕ್ಕದಲ್ಲಿ ಇ310). ಅದೂ ಸೇರಿದಂತೆ ಒಟ್ಟು 78 ಬೈಟುಗಳ ತಲೆಭಾಗದಲ್ಲಿ ಇದು ಡಿಸ್ಕೋ, ಡ್ರಾಯರೋ (ಫೋಲ್ಡರಿಗೆ ಅಮಿಗಾ ಇಟ್ಟ ಹೆಸರು), ಪ್ರೋಗ್ರಾಮೋ, ಕಸದ ಬುಟ್ಟಿಯೋ ಎಂಬ ವಿವರ, ಕಿಟಕಿಯಲ್ಲಿ ಐಕಾನ್ ಕುಳಿತುಕೊಳ್ಳಬೇಕಾದ ಸ್ಥಾನ, ಪ್ರೋಗ್ರಾಮಿಗೆ ಬೇಕಾದ ಸ್ಟ್ಯಾಕ್ ಮೆಮೊರಿಯ (ಓಡುವಾಗ ತಾತ್ಕಾಲಿಕ ಲೆಕ್ಕಗಳನ್ನು ಇಟ್ಟುಕೊಳ್ಳುವ ಜಾಗದ) ಅಳತೆ ಎಲ್ಲವೂ ಇವೆ. ಡ್ರಾಯರ್ ಆಗಿದ್ದರೆ ಅದರ ಕಿಟಕಿಯ ಅಗಲ, ಎತ್ತರ, ಜಾಗ ಇನ್ನೂ 56 ಬೈಟುಗಳಲ್ಲಿ ಬರುತ್ತವೆ. ಚಿತ್ರ ಬರುವುದು ಇವೆಲ್ಲ ಮುಗಿದ ಮೇಲೆ. ಚಿತ್ರದ ಬೆನ್ನಿಗೆ, ಈ ಫೈಲನ್ನು ಯಾವ ಪ್ರೋಗ್ರಾಮಿನಿಂದ ತೆರೆಯಬೇಕು ಎಂಬ ದಾರಿಯೂ, ಆ ಪ್ರೋಗ್ರಾಮಿಗೆ ಕೊಡಬೇಕಾದ ಸೂಚನೆಗಳ ಪಟ್ಟಿಯೂ ಇರುತ್ತದೆ. ಈ ಪಟ್ಟಿಗೆ ಅಮಿಗಾ ಬಳಗದಲ್ಲಿ ಟೂಲ್ ಟೈಪ್ ಎಂದು ಹೆಸರು.

ತಲೆಭಾಗದ ಒಂದು ವಿಚಿತ್ರವನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. ಅದನ್ನು ರೂಪಿಸಿದವರು ಪ್ರತ್ಯೇಕ ಫೈಲ್ ವಿನ್ಯಾಸ ಮಾಡುವ ಗೋಜಿಗೆ ಹೋಗದೆ, ಪರದೆಯ ಮೇಲಿನ ಒತ್ತುಗುಂಡಿಯನ್ನು ಮೆಮೊರಿಯಲ್ಲಿ ಹೇಗೆ ಇಟ್ಟಿದ್ದರೋ ಹಾಗೆಯೇ ಎತ್ತಿ ಡಿಸ್ಕಿಗೆ ಸುರಿದಿದ್ದಾರೆ. ಹಾಗಾಗಿ ಮೆಮೊರಿಯ ವಿಳಾಸಗಳೂ ಫೈಲಿನೊಳಗೆ ಉಳಿದುಬಿಟ್ಟಿವೆ. ಯಾರೋ 1988ರಲ್ಲಿ ಎಲ್ಲೋ ಕುಳಿತು ಉಳಿಸಿದ ಐಕಾನನ್ನು ಇಂದು ತೆರೆದರೆ, ಆ ಚಿತ್ರ ಅಂದು ಅವರ ಯಂತ್ರದ ಮೆಮೊರಿಯಲ್ಲಿ ಯಾವ ಮನೆ ನಂಬರಿನಲ್ಲಿ ವಾಸವಾಗಿತ್ತು ಎಂಬುದು ಇನ್ನೂ ಅಲ್ಲಿ ಬರೆದಿದೆ. ಇಂದಿನ ಯಂತ್ರಕ್ಕೆ ಆ ವಿಳಾಸದಿಂದ ಕಾಸಿನ ಪ್ರಯೋಜನವಿಲ್ಲ. ಆದರೂ ಅಳಿಸುವಂತಿಲ್ಲ, ಏಕೆಂದರೆ ಅಲ್ಲಿ ಸೊನ್ನೆ ಇದ್ದರೆ ಚಿತ್ರ ಇಲ್ಲವೆಂದೂ, ಸೊನ್ನೆಯಲ್ಲದ ಯಾವುದೇ ಸಂಖ್ಯೆ ಇದ್ದರೆ ಚಿತ್ರ ಮುಂದೆ ಬರಲಿದೆಯೆಂದೂ ಓದುವ ಪ್ರೋಗ್ರಾಮ್ ತಿಳಿಯುತ್ತದೆ.

ಚಿತ್ರವೊಂದನ್ನೇ ನೋಡಿ ಉಳಿದದ್ದನ್ನು ಕಡೆಗಣಿಸಿದರೆ ಏನಾಗುತ್ತದೆ ಎಂಬುದನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. ನನ್ನ ಎಡಿಟರಿನ ಮೊದಲ ಆವೃತ್ತಿ, ಇದ್ದ ಫೈಲಿನಿಂದ ಚಿತ್ರವನ್ನಷ್ಟೇ ಓದಿಕೊಂಡು, ಉಳಿಸುವಾಗ ತಲೆಭಾಗವನ್ನು ಹೊಸದಾಗಿ ತಾನೇ ಸೃಷ್ಟಿಸುತ್ತಿತ್ತು. ಸ್ಟ್ಯಾಕಿನ ಜಾಗದಲ್ಲಿ ವಾಡಿಕೆಯ 4096 ಬೈಟ್ ಎಂದು ಬರೆಯುತ್ತಿತ್ತು. ಗೆಳೆಯನೊಬ್ಬ ತನ್ನ ನೆಚ್ಚಿನ ಪ್ರೋಗ್ರಾಮಿನ ಐಕಾನಿಗೆ ಚೆಂದದ ನೆರಳು ಹಾಕಿಕೊಂಡ. ಆ ಪ್ರೋಗ್ರಾಮಿಗೆ 20000 ಬೈಟ್ ಸ್ಟ್ಯಾಕ್ ಬೇಕಿತ್ತು, ಅದನ್ನು ಬರೆದಾತ ಐಕಾನಿನಲ್ಲಿ ಹಾಗೆಂದೇ ನಮೂದಿಸಿದ್ದ. ಅಮಿಗಾದಲ್ಲಿ ಒಂದು ಪ್ರೋಗ್ರಾಮಿನ ಮೆಮೊರಿಗೂ ಇನ್ನೊಂದರದಕ್ಕೂ ನಡುವೆ ಬೇಲಿಯಿಲ್ಲ. ಸ್ಟ್ಯಾಕ್ ತುಂಬಿ ಹರಿದರೆ ಪಕ್ಕದ ಹೊಲವೂ ಮುಳುಗುತ್ತದೆ. ನೆರಳು ಹಾಕಿದ ಮರುದಿನದಿಂದ ಆ ಪ್ರೋಗ್ರಾಮ್ ಹತ್ತು ನಿಮಿಷ ಓಡುವುದು, ಆಮೇಲೆ ಕಪ್ಪು ಪರದೆಯ ಮೇಲೆ ಕೆಂಪು ಚೌಕಟ್ಟು ಮಿಣುಕುವ ‘ಗುರು ಮೆಡಿಟೇಷನ್’ ಸಂದೇಶ ತೋರಿಸಿ ಯಂತ್ರವನ್ನೇ ಮಲಗಿಸುವುದು ಶುರುವಾಯಿತು. ಫ್ಲಾಪಿ ಕೆಟ್ಟಿರಬೇಕು, ಮೆಮೊರಿ ಕೆಟ್ಟಿರಬೇಕು ಎಂದು ಇಬ್ಬರೂ ಎರಡು ವಾರ ತಲೆ ಚಚ್ಚಿಕೊಂಡೆವು. ಐಕಾನಿನ ಬಣ್ಣ ಬದಲಿಸಿದರೆ ಪ್ರೋಗ್ರಾಮ್ ಸಾಯುತ್ತದೆ ಎಂದು ಯಾರು ತಾನೇ ಅನುಮಾನಿಸುತ್ತಾರೆ?

ತೆರೆಯುವ ಪ್ರೋಗ್ರಾಮಿನ ದಾರಿಯದೂ ಇದೇ ಕಥೆ. ನಿಮ್ಮ ಪತ್ರದ ಐಕಾನ್ ಮೇಲೆ ಎರಡು ಸಲ ಒತ್ತಿದಾಗ ಯಾವುದೋ ಹೆಸರಿನ ಡಿಸ್ಕನ್ನು ಡ್ರೈವಿಗೆ ಹಾಕಿ ಎಂದು ಯಂತ್ರ ಕೇಳಿದರೆ, ಅದು ಆ ಐಕಾನನ್ನು ಮೊದಲು ತಯಾರಿಸಿದವನ ಡಿಸ್ಕಿನ ಹೆಸರು ಎಂದೇ ತಿಳಿಯಬೇಕು. ಚಿತ್ರ ಚೆನ್ನಾಗಿದೆ ಎಂದು ಇನ್ಫೊ ಫೈಲನ್ನು ನಕಲು ಮಾಡಿಕೊಂಡವರು ಅವನ ದಾರಿಯನ್ನೂ ಜೊತೆಗೆ ನಕಲು ಮಾಡಿಕೊಂಡಿರುತ್ತಾರೆ.

ಇನ್ನು ಚಿತ್ರದ ಮಾತಿಗೆ ಬರೋಣ, ಏಕೆಂದರೆ ಫೋಟೋಶಾಪ್ ಪಕ್ಷದವರು ಕಾಯುತ್ತಿರುವುದು ಅದಕ್ಕೇ. ಇಲ್ಲಿ ಪ್ರತಿ ಚುಕ್ಕಿಯ ಬಣ್ಣ ಒಂದೇ ಕಡೆ ಬರೆದಿರುವುದಿಲ್ಲ. ನಾಲ್ಕು ಬಣ್ಣಗಳ ಚಿತ್ರಕ್ಕೆ ಚುಕ್ಕಿಗೆ ಎರಡು ಬಿಟ್ ಬೇಕು (ಬಿಟ್ ಎಂದರೆ 0 ಅಥವಾ 1 ಮಾತ್ರ ಹಿಡಿಯುವ ಜಾಗ; ಎಂಟು ಸೇರಿದರೆ ಒಂದು ಬೈಟ್). ಇಡೀ ಚಿತ್ರದ ಮೊದಲ ಬಿಟ್‌ಗಳೆಲ್ಲ ಒಂದು ಹಾಳೆಯಲ್ಲಿ, ಎರಡನೆಯ ಬಿಟ್‌ಗಳೆಲ್ಲ ಇನ್ನೊಂದು ಹಾಳೆಯಲ್ಲಿ ಇರುತ್ತವೆ. ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದರೆ ಬಣ್ಣ ತಿಳಿಯುತ್ತದೆ ಎಂದು ಊಹಿಸಿಕೊಳ್ಳಬಹುದು. ಈ ಹಾಳೆಗಳಿಗೆ ಬಿಟ್‌ಪ್ಲೇನ್ ಎನ್ನುತ್ತಾರೆ. ಹಾಳೆಯ ಪ್ರತಿ ಸಾಲೂ 16 ಬಿಟ್‌ಗಳ ಗುಣಕದಲ್ಲೇ ಮುಗಿಯಬೇಕು ಎಂಬುದು ಇನ್ನೊಂದು ಕಟ್ಟಳೆ. ನಾನು ಇದನ್ನು 8ರ ಗುಣಕ ಎಂದು ತಪ್ಪಾಗಿ ತಿಳಿದು ಬರೆದಿದ್ದೆ. ಪರೀಕ್ಷೆಗೆ ಇಟ್ಟುಕೊಂಡಿದ್ದ ಐಕಾನಿನ ಅಗಲ 48 ಚುಕ್ಕಿ. ಅದು ಎರಡೂ ಲೆಕ್ಕದಲ್ಲಿ ಸಾಲಿಗೆ 6 ಬೈಟೇ ಆಗುವುದರಿಂದ ತಪ್ಪು ಗೊತ್ತಾಗಲಿಲ್ಲ. 40 ಚುಕ್ಕಿ ಅಗಲದ ಐಕಾನ್ ತೆರೆದ ದಿನ, ಯಂತ್ರ ಸಾಲಿಗೆ 6 ಬೈಟ್ ಇಟ್ಟಿದ್ದರೆ ನಾನು 5 ಓದುತ್ತಾ ಹೋದದ್ದರಿಂದ, ಡ್ರಾಯರಿನ ಚಿತ್ರ ಸಾಲು ಸಾಲಿಗೂ ಬಲಕ್ಕೆ ಎಂಟೆಂಟು ಚುಕ್ಕಿ ಜಾರಿ, ಮಳೆಗೆ ಕುಸಿದ ಗೋಡೆಯಂತೆ ಕಂಡಿತು.

ಬಣ್ಣದ ವಿಷಯದಲ್ಲಿ ಅಮಿಗಾದ ಐಕಾನ್ ಇನ್ನೂ ಬಡಪಾಯಿ. ಅದರಲ್ಲಿ ಬಣ್ಣವೇ ಇಲ್ಲ, ಬಣ್ಣದ ಸಂಖ್ಯೆ ಮಾತ್ರ ಇದೆ. 0, 1, 2, 3 ಎಂದರೆ ಯಾವ ಬಣ್ಣ ಎಂಬುದನ್ನು ನೋಡುವವನ ವರ್ಕ್‌ಬೆಂಚ್ ನಿರ್ಧರಿಸುತ್ತದೆ. 1.3ರಲ್ಲಿ ಅವು ಕ್ರಮವಾಗಿ ನೀಲಿ, ಬಿಳಿ, ಕಪ್ಪು, ಕಿತ್ತಳೆ. 1990ರಲ್ಲಿ ಅಮಿಗಾ 3000 ಜೊತೆಗೆ ಬಂದ 2.0 ಇವನ್ನು ಬೂದು, ಕಪ್ಪು, ಬಿಳಿ, ನೀಲಿ ಎಂದು ಬದಲಿಸಿತು. ಹಳೆಯ ಐಕಾನುಗಳ ಬಿಳಿಯೆಲ್ಲ ಕಪ್ಪಾಗಿ, ಕಪ್ಪೆಲ್ಲ ಬಿಳಿಯಾಗಿ, ಫೋಟೋ ನೆಗೆಟಿವ್ ನೋಡಿದಂತಾಯಿತು. ಫೋಟೋಶಾಪ್ ಬಲ್ಲವರು ಇಲ್ಲಿ ಬಣ್ಣ ಆರಿಸಿ ಬಕೆಟ್ಟಿನಿಂದ ಸುರಿಯಲು ಹೊರಡುತ್ತಾರೆ. ಬಿಟ್‌ಪ್ಲೇನ್ ಬಲ್ಲವನಿಗೆ ಅದು ಬೇಡ. ಸಂಖ್ಯೆ 1ರಲ್ಲಿ ಮೊದಲ ಹಾಳೆಯ ಬಿಟ್ ಮಾತ್ರ ಹೊತ್ತಿರುತ್ತದೆ, 2ರಲ್ಲಿ ಎರಡನೆಯ ಹಾಳೆಯದು ಮಾತ್ರ. 0ಯಲ್ಲಿ ಎರಡೂ ಆರಿರುತ್ತವೆ, 3ರಲ್ಲಿ ಎರಡೂ ಹೊತ್ತಿರುತ್ತವೆ. ಆದ್ದರಿಂದ ಎರಡು ಹಾಳೆಗಳನ್ನು ಅದಲುಬದಲು ಮಾಡಿಬಿಟ್ಟರೆ ಸಾಕು, 1 ಮತ್ತು 2 ಜಾಗ ಬದಲಿಸುತ್ತವೆ, ಉಳಿದೆರಡು ಇದ್ದಲ್ಲೇ ಇರುತ್ತವೆ, ಒಂದು ಚುಕ್ಕಿಯನ್ನೂ ಮುಟ್ಟಬೇಕಾಗಿಲ್ಲ. ಈ ಒಂದು ಮೆನುವಿಗಾಗಿಯೇ ನನ್ನ ಎಡಿಟರನ್ನು ಇಟ್ಟುಕೊಂಡವರಿದ್ದಾರೆ.

ಮೌಸ್ ಒತ್ತಿ ಆಯ್ದುಕೊಂಡ ಐಕಾನ್ ಹೇಗೆ ಕಾಣಬೇಕು ಎಂಬುದಕ್ಕೂ ಇದೇ ಲೆಕ್ಕ ಬರುತ್ತದೆ. ಏನೂ ಹೇಳದಿದ್ದರೆ ಯಂತ್ರ ಎಲ್ಲ ಬಿಟ್‌ಗಳನ್ನೂ ಮಗುಚಿ ಹಾಕುತ್ತದೆ, 1.3ರಲ್ಲಿ ನೀಲಿ ಹಿನ್ನೆಲೆ ಕಿತ್ತಳೆಯ ಚೌಕವಾಗಿ ಎದ್ದು ನಿಲ್ಲುತ್ತದೆ. ಆ ಚೌಕ ಬೇಡವೆಂದರೆ ಚಿತ್ರದ ಹೊರಗಿನ ಭಾಗವನ್ನು ಮತ್ತೆ ಹಿನ್ನೆಲೆಯ ಬಣ್ಣದಿಂದ ತುಂಬಿಸಬಹುದು. ಅದೂ ಬೇಡವೆಂದರೆ ಎರಡನೆಯ ಚಿತ್ರವನ್ನೇ ಕೊಡಬಹುದು: ಮುಚ್ಚಿದ ಡ್ರಾಯರ್ ಒತ್ತಿದ ಕೂಡಲೇ ತೆರೆದುಕೊಳ್ಳುವ ಸೊಗಸು ಹಾಗೆ ಬಂದದ್ದು.

ಚುಕ್ಕಿಯ ಆಕಾರವನ್ನು ಇಂದಿನವರು ಮರೆತೇಬಿಡುತ್ತಾರೆ. ಯುರೋಪಿನ ಟಿವಿಗೆ ಹೊಂದುವ ಅಮಿಗಾದಲ್ಲಿ ವರ್ಕ್‌ಬೆಂಚಿನ ಪರದೆ 640 ಚುಕ್ಕಿ ಅಗಲ, 256 ಸಾಲು ಎತ್ತರ. ಇದನ್ನು ಟಿವಿಯ ನಾಲ್ಕಕ್ಕೆ ಮೂರರ ಗಾಜಿನ ಮೇಲೆ ಹರಡಿದಾಗ ಒಂದೊಂದು ಚುಕ್ಕಿಯೂ ಅಗಲಕ್ಕಿಂತ ಸುಮಾರು ಎರಡರಷ್ಟು ಎತ್ತರವಾಗುತ್ತದೆ. 40 ಚುಕ್ಕಿ ಅಗಲದ ವೃತ್ತಕ್ಕೆ 21 ಸಾಲು ಎತ್ತರ ಸಾಕು; 40 ಸಾಲು ಕೊಟ್ಟರೆ ಅದು ಮೊಟ್ಟೆಯನ್ನೂ ದಾಟಿ ಹಾಗಲಕಾಯಿಯಾಗುತ್ತದೆ. ಓರೆಗೆರೆ ಎಳೆಯಲು ಎರಡು ಚುಕ್ಕಿ ಅಡ್ಡ, ಒಂದು ಚುಕ್ಕಿ ಕೆಳಗೆ ಎಂದು ಮೆಟ್ಟಿಲು ಇಳಿಯಬೇಕು. ಧಾರವಾಡದ ನಮ್ಮ ಮನೆಯಲ್ಲಿ ಅಮ್ಮ ಕಸೂತಿಯಲ್ಲಿ ಮೆಟ್ಟಿಲಿನಂಥ ಮುರ್ಗಿ ಹೊಲಿಗೆ ಹಾಕುವಾಗ ಎಳೆ ಎಣಿಸುತ್ತಿದ್ದದ್ದು ನನಗೆ ಪ್ರತಿ ಸಲವೂ ನೆನಪಾಗುತ್ತದೆ, ಆದರೆ ಅವಳ ಬಟ್ಟೆಯಲ್ಲಿ ಅಡ್ಡ ಎಳೆಗೂ ಉದ್ದ ಎಳೆಗೂ ಅಂತರ ಒಂದೇ ಇರುತ್ತಿತ್ತು, ಆ ಭಾಗ್ಯ ನನಗಿಲ್ಲ. ಅದಕ್ಕಾಗಿ ನನ್ನ ಎಡಿಟರಿನ ದೊಡ್ಡ ಚೌಕಳಿಯಲ್ಲಿ ಮನೆಗಳು ಚೌಕವಲ್ಲ, ನಿಂತ ಆಯತಗಳು.

ಕಮೊಡೋರ್ ಕಂಪನಿ ತಾನೇ ಕೊಟ್ಟ ಐಕಾನ್ ಎಡಿಟರ್ ಇರಲಿಲ್ಲವೇ ಎಂದು ವಿಷಯ ತಿಳಿದವರು ಕೇಳಬಹುದು. ಇತ್ತು, 1.x ಜೊತೆಗೆ ಐಕಾನ್‌ಎಡ್, 2.0 ಜೊತೆಗೆ ಐಕಾನ್‌ಎಡಿಟ್. ಆದರೆ ಚಿತ್ರ ತಿದ್ದುವುದು ಅಲ್ಲಿ, ಸ್ಟ್ಯಾಕು, ಟೂಲ್ ಟೈಪು, ದಾರಿಗಳನ್ನು ತಿದ್ದುವುದು ವರ್ಕ್‌ಬೆಂಚಿನ ಮೆನುವಿನಲ್ಲಿ, ಹೀಗೆ ಒಂದೇ ಫೈಲಿನ ಸಂಸಾರ ಎರಡು ಮನೆಯಾಗಿತ್ತು. ಹವ್ಯಾಸಿಗಳು ತಮ್ಮದೇ ಎಡಿಟರುಗಳನ್ನು ಬರೆದು ಫ್ಲಾಪಿಗಳಲ್ಲಿ ಹಂಚಿದರು, 1992ರಿಂದ ಅಮಿನೆಟ್ ಎಂಬ ಸಂಗ್ರಹಕ್ಕೆ ಏರಿಸಿದರು. ಬಣ್ಣ ಸಾಲದು ಎಂದವರು ನ್ಯೂಐಕಾನ್ಸ್ ಎಂಬ ಪದ್ಧತಿ ಕಟ್ಟಿ, ಹೆಚ್ಚು ಬಣ್ಣದ ಚಿತ್ರವನ್ನು ಅಕ್ಷರಗಳ ಸಾಲುಗಳಾಗಿ ಮಾಡಿ ಟೂಲ್ ಟೈಪುಗಳ ನಡುವೆಯೇ ಅಡಗಿಸಿಟ್ಟರು. ಈ ಕೆಳಗಿನ ಸಾಲುಗಳನ್ನು ತಿದ್ದಬೇಡಿ ಎಂಬ ಎಚ್ಚರಿಕೆಯೂ ಅದರ ಮೇಲೆ ಇರುತ್ತದೆ. ಇದನ್ನು ಕಂಡಾಗ ನನಗೆ ನಗು ಬಂದಿತ್ತು, ಆಮೇಲೆ ಮೆಚ್ಚುಗೆಯಾಯಿತು, ಏಕೆಂದರೆ ಹಳೆಯ ಯಂತ್ರ ಅದನ್ನು ಅರ್ಥವಾಗದ ಸೂಚನೆ ಎಂದು ಬಿಟ್ಟುಬಿಡುತ್ತದೆ, ಏನೂ ಕೆಡುವುದಿಲ್ಲ. 1999ರ 3.5ನೇ ಆವೃತ್ತಿಯಲ್ಲಿ ಹೆಚ್ಚಿನ ಬಣ್ಣದ ಚಿತ್ರ ಫೈಲಿನ ತುದಿಗೆ ಅಂಟಿಸಿದ ಬೇರೊಂದು ಭಾಗವಾಗಿ ಬಂತು, ತನ್ನ ಬಣ್ಣಪಟ್ಟಿಯನ್ನೂ ಜೊತೆಗೇ ಹೊತ್ತುಕೊಂಡು. ನನ್ನ ಎಡಿಟರ್ ನಾಲ್ಕು ಬಣ್ಣದಾಚೆ ಹೋಗುವುದಿಲ್ಲ, ಹೋಗುವ ಇಚ್ಛೆಯೂ ನನಗಿಲ್ಲ; ಆದರೆ ತನಗೆ ಅರ್ಥವಾಗದ್ದನ್ನು ಅದು ಈಗ ಹಾಗೆಯೇ ಎತ್ತಿಟ್ಟುಕೊಂಡು, ಉಳಿಸುವಾಗ ಇದ್ದಲ್ಲೇ ಇಡುತ್ತದೆ. ಗೆಳೆಯನ ಗುರು ಮೆಡಿಟೇಷನ್ ಕಲಿಸಿದ ಪಾಠ ಇದು.

ಇಷ್ಟೆಲ್ಲ ಕೇಳಿದ ಮೇಲೂ ಫೋಟೋಶಾಪಿನಲ್ಲೇ ಬರೆಯುತ್ತೇನೆ ಎನ್ನುವವರಿದ್ದಾರೆ, ಅವರ ಕೈ ಅಲ್ಲಿ ಪಳಗಿದೆ, ನಾನು ತಡೆಯುವುದಿಲ್ಲ. ಅವರಿಗಾಗಿ ಕಳೆದ ಬೇಸಿಗೆಯಲ್ಲಿ ‘ಚಿತ್ರ ಮಾತ್ರ ಬದಲಿಸು’ ಎಂಬ ಮೆನು ಸೇರಿಸಿದೆ. ನಾಲ್ಕೇ ಬಣ್ಣ ಬಳಸಿ, ಎತ್ತರವನ್ನು ಅರ್ಧಕ್ಕೆ ಇಳಿಸಿ, ಅಮಿಗಾದ ಐಎಫ್ಎಫ್ ಎಂಬ ಚಿತ್ರದ ಫೈಲು ಮಾದರಿಗೆ ಪರಿವರ್ತಿಸಿ ತಂದರೆ ಎಡಿಟರ್ ಅದನ್ನು ಹಾಳೆಗಳಾಗಿ ಬಿಡಿಸಿ, 16ರ ಗುಣಕಕ್ಕೆ ಸಾಲು ತುಂಬಿಸಿ, ಹಳೆಯ ಇನ್ಫೊ ಫೈಲಿನೊಳಗೆ ಕೂರಿಸುತ್ತದೆ. ಸ್ಟ್ಯಾಕು, ದಾರಿ, ಸೂಚನೆ, ಕಿಟಕಿಯ ಜಾಗ ಯಾವುದನ್ನೂ ಮುಟ್ಟುವುದಿಲ್ಲ. ಹಳೆಯ ಇನ್ಫೊ ಫೈಲನ್ನು ತೋರಿಸದೆ ಆ ಮೆನು ಒತ್ತಿದರೆ ಮಾತ್ರ, ಇದು ಯಾವ ಫೈಲಿನ ಐಕಾನ್ ಎಂದು ಅದು ಕೇಳಿ ಕಾಯುತ್ತದೆ.